ಗರ್ದಾಬಾದಿನ ಲೂಣಿ

ಅಹಮದಾಬಾದಿನ ನರ್ಸರಿಗಳಲ್ಲಿ ‘ಆಫೀಸ್ ಟೈಮ್’ ಕೊಡಿ ಎಂದರೆ ಅಂಗಡಿಯವರು ಗಡಿಯಾರ ನೋಡುವುದಿಲ್ಲ. ಒಂದು ಹೂಗಿಡದ ಕುಂಡ ಎತ್ತಿ ಕೊಡುತ್ತಾರೆ. ಬೆಳಿಗ್ಗೆ ಬಿಸಿಲೇರಿ ಜನ ಕಚೇರಿಗೆ ಹೊರಡುವ ಹೊತ್ತಿಗೆ ಅರಳಿ, ಅವರು ಮನೆಗೆ ಮರಳುವಷ್ಟರಲ್ಲಿ ಮುದುಡಿಕೊಳ್ಳುವ ಹೂವು ಅದು. ಮರಾಠಿಯವರಿಗೂ ಅದು ಆಫೀಸ್ ಟೈಮೇ. ತಮಿಳು, ಮಲಯಾಳಗಳಲ್ಲಿ ಹತ್ತು ಗಂಟೆಯ ಹೂವು. ಬೆಂಗಳೂರಿನವರು ಟೇಬಲ್ ರೋಸ್ ಎನ್ನುತ್ತಾರೆ, ಅದಕ್ಕೂ ಮೇಜಿಗೂ ಏನು ಸಂಬಂಧವೆಂದು ಯಾರೂ ಕೇಳುವುದಿಲ್ಲ. ಸಸ್ಯಶಾಸ್ತ್ರದಲ್ಲಿ ಪೋರ್ಚುಲಾಕಾ ಗ್ರಾಂಡಿಫ್ಲೋರಾ. ನೆಲಕ್ಕೆ ಅಂಟಿಕೊಂಡು ಹರಡುವ, ಸೂಜಿಯಂಥ ದಪ್ಪ ಎಲೆಗಳಲ್ಲಿ ನೀರು ಕೂಡಿಟ್ಟುಕೊಳ್ಳುವ, ಎರಡು ವಾರ ಮರೆತುಬಿಟ್ಟರೂ ಸಾಯದ ಗಿಡ.

ಇದೇ ಕುಲದ ಇನ್ನೊಂದು ಗಿಡ ಇದೇ ಊರಿನಲ್ಲಿ ಯಾರೂ ನೆಡದೆ ಬೆಳೆಯುತ್ತದೆ. ಮೊದಲ ಮಳೆ ಬಿದ್ದ ವಾರದಲ್ಲೇ ಕಾಲುದಾರಿಯ ಕಲ್ಲುಗಳ ಸಂದಿಯಲ್ಲಿ, ಕುಂಡಗಳ ಅಂಚಿನಲ್ಲಿ, ಕಟ್ಟಡ ಕಟ್ಟಲೆಂದು ಸುರಿದ ಮರಳಿನ ರಾಶಿಯ ಮೇಲೆ ಕೆಂಪು ಕಾಂಡ ಚಾಚಿ ಮಲಗುತ್ತದೆ. ಗುಜರಾತಿನಲ್ಲಿ ಅದರ ಹೆಸರು ಲೂಣಿ. ಲೂಣ ಎಂದರೆ ಉಪ್ಪು. ಎಲೆ ಕಚ್ಚಿದರೆ ಹುಳಿಯ ಹಿಂದೆಯೇ ಸ್ವಲ್ಪ ಉಪ್ಪು ಬರುತ್ತದೆ. ಮರಾಠಿಯಲ್ಲಿ ಘೋಳ್, ಉತ್ತರ ಕರ್ನಾಟಕದಲ್ಲಿ ಗೋಳಿಪಲ್ಯ. ಎರಡರ ನೆಂಟಸ್ತಿಕೆ ಕಿವಿಗೇ ಕೇಳುತ್ತದೆ. ಮೈಸೂರು ಸೀಮೆಯಲ್ಲಿ ಗೋಣಿಸೊಪ್ಪು. ಒಂದನ್ನು ಹಣ ಕೊಟ್ಟು ತರುತ್ತಾರೆ, ಇನ್ನೊಂದನ್ನು ಕೂಲಿ ಕೊಟ್ಟು ಕೀಳಿಸುತ್ತಾರೆ. ಒಂದು ಊರು ತನ್ನ ಕಾಲಡಿಯ ನೆಲದ ಮೇಲೆ ಏನಿರಬೇಕು ಎಂದು ನಾಲ್ಕು ನೂರು ವರ್ಷ ತಲೆಕೆಡಿಸಿಕೊಂಡ ಕಥೆ ಈ ಎರಡು ಗಿಡಗಳ ನಡುವೆ ಇದೆ.

ಕಥೆ ಒಬ್ಬ ಬಾದಶಹನ ಸಿಡಿಮಿಡಿಯಿಂದ ಶುರು ಮಾಡಬಹುದು. 1618ರಲ್ಲಿ ಜಹಾಂಗೀರ ಅಹಮದಾಬಾದಿನಲ್ಲಿ ತಿಂಗಳುಗಟ್ಟಲೆ ಇದ್ದ. ಇರಲು ಇಷ್ಟವಿರಲಿಲ್ಲ; ಬಿಸಿಲು, ಜ್ವರ, ಆಮೇಲೆ ಮಳೆ ಅವನನ್ನು ಕಟ್ಟಿಹಾಕಿದ್ದವು. ಹೂವು, ಹಣ್ಣು, ಹಕ್ಕಿಗಳೆಂದರೆ ಪ್ರಾಣ ಬಿಡುತ್ತಿದ್ದ, ಕಾಶ್ಮೀರವನ್ನು ನೆನೆದು ಕರಗುತ್ತಿದ್ದ ಈ ಮನುಷ್ಯನಿಗೆ ಸಾಬರಮತಿಯ ದಂಡೆ ಸಹಿಸಲು ಆಗಲಿಲ್ಲ. ತನ್ನ ಆತ್ಮಚರಿತ್ರೆಯಲ್ಲಿ ಅವನು ಈ ಊರನ್ನು ಬೈದಿರುವಷ್ಟು ವಿವರವಾಗಿ ಇನ್ನಾವ ಊರನ್ನೂ ಬೈದಿರಲಾರ. ನೆಲವೆಲ್ಲ ಮರಳು, ಧೂಳು. ನದಿ ಮಳೆಗಾಲ ಬಿಟ್ಟರೆ ಒಣಗಿರುತ್ತದೆ. ಬಾವಿಯ ನೀರು ಉಪ್ಪು, ಕಹಿ. ಊರ ಸುತ್ತಲಿನ ಕೆರೆಗಳು ಅಗಸರ ಸಾಬೂನಿನಿಂದ ಮಜ್ಜಿಗೆಯಂತಾಗಿವೆ. ಉಳ್ಳವರು ಮನೆಯೊಳಗೆ ತೊಟ್ಟಿ ಕಟ್ಟಿ ಮಳೆನೀರು ತುಂಬಿಸಿಟ್ಟು ವರ್ಷವಿಡೀ ಅದನ್ನೇ ಕುಡಿಯುತ್ತಾರೆ. ಊರ ಹೊರಗೆ ಹಸಿರು ಹುಲ್ಲು, ಹೂವು ಇರಬೇಕಾದ ಜಾಗದಲ್ಲಿ ಬರೀ ಜಕ್ಕೂಮಿನ ಬಯಲು.

ಅವನು ಈ ಊರಿಗೆ ಮೊದಲು ಇಟ್ಟ ಹೆಸರು ಗರ್ದಾಬಾದ್, ಧೂಳಿನ ಊರು. ಆಮೇಲೆ ಅದೂ ಸಾಲದೆನಿಸಿ, ಬಿಸಿಗಾಳಿಯ ನಾಡು ಎನ್ನಲೇ, ಕಾಯಿಲೆಯ ನಾಡು ಎನ್ನಲೇ, ಜಕ್ಕೂಮ್‌ಜಾರ್ ಎನ್ನಲೇ, ನರಕಾಬಾದ್ ಎನ್ನಲೇ ಎಂದು ಯೋಚಿಸುತ್ತಾನೆ. ಜಕ್ಕೂಮ್ ಎಂದರೆ ಕುರಾನಿನಲ್ಲಿ ಬರುವ ನರಕದ ಮರ. ಇಲ್ಲಿ ಅವನ ಕಣ್ಣಿಗೆ ಬಿದ್ದದ್ದು ಮುಳ್ಳಿನ ಕಳ್ಳಿ, ಗುಜರಾತಿಗಳು ಥೋರ್ ಎನ್ನುವ ಗಿಡ. ಹೊಲದ ಸುತ್ತ ಬೇಲಿಯಾಗಿ ಅದು ಇಂದಿಗೂ ಇದೆ. ರೈತನ ಲೆಕ್ಕದಲ್ಲಿ ಅದು ನೀರು ಕೇಳದ, ದನ ಮುಟ್ಟದ, ಮುರಿದು ಚುಚ್ಚಿದರೆ ಬದುಕುವ ಬಿಟ್ಟಿ ಬೇಲಿ. ಬಾದಶಹನ ಲೆಕ್ಕದಲ್ಲಿ ನರಕ. ಹಸಿರೆಂದರೆ ಹುಲ್ಲು, ಹರಿಯುವ ನೀರು, ನೆರಳು ಎಂದುಕೊಂಡವನಿಗೆ ದಪ್ಪ ಎಲೆಯಲ್ಲಿ ನೀರು ಬಚ್ಚಿಟ್ಟುಕೊಂಡ ಗಿಡ ಹಸಿರೆನಿಸಲೇ ಇಲ್ಲ. ಈ ದೃಷ್ಟಿಗೆ ಮುಂದೆ ಬಹಳ ಜನ ವಾರಸುದಾರರಾದರು.

ಜಹಾಂಗೀರನದೇ ಕಾಲದ ಇನ್ನೊಂದು ಕಥೆಯನ್ನು ಅಹಮದಾಬಾದಿನವರು ಹೇಳುತ್ತಾರೆ. ಅಬ್ದುರ್ ರಹೀಮ್ ಖಾನ್‌ಖಾನಾ ತನ್ನ ಗೆಲುವಿನ ನೆನಪಿಗೆ ಸರ್ಖೇಜಿನ ಹತ್ತಿರ ಫತೇಬಾಗ್ ಎಂಬ ತೋಟ ಮಾಡಿಸಿದ್ದ. ಬಾದಶಹ ನೋಡಲು ಬರುತ್ತಾನೆಂದಾಗ ಎಲೆ ಉದುರುವ ಕಾಲ, ಮರಗಳೆಲ್ಲ ಬೋಳು. ಖಾನನ ಮಗಳು ಖೈರುನ್ನಿಸಾ ಬೇಗಂ ಕುಶಲಕರ್ಮಿಗಳನ್ನು ಕರೆಸಿ ಬಣ್ಣದ ಕಾಗದದ ಎಲೆ, ಮೇಣದ ಹಣ್ಣು ಮಾಡಿಸಿ ಮರಗಳಿಗೆಲ್ಲ ಕಟ್ಟಿಸಿದಳಂತೆ. ಬಾದಶಹ ಮೋಸಹೋಗಿ ಹಣ್ಣು ಕೀಳಲು ಕೈ ಚಾಚಿದನಂತೆ. ಕಥೆ ಎಷ್ಟು ನಿಜವೋ, ಧೂಳಿನೂರಿನಲ್ಲಿ ಹಸಿರು ತೋರಿಸುವ ಹಟ ಮಾತ್ರ ನಿಜ.

ಆಗ ನವರಂಗಪುರ ಊರೊಳಗೆ ಇರಲಿಲ್ಲ. ಅಹಮದ್ ಶಾಹ 1411ರಲ್ಲಿ ಕಟ್ಟಿದ ಪಟ್ಟಣ ನದಿಯ ಪೂರ್ವ ದಂಡೆಯದು; ಕೋಟೆ, ಪೋಳುಗಳು, ಮಸೀದಿಗಳು, ದೇರಾಸರಗಳೆಲ್ಲ ಆ ಕಡೆ. ಪಶ್ಚಿಮಕ್ಕೆ ಹೊಲ, ಹಳ್ಳಿ, ಥೋರ್ ಬೇಲಿ. ಬೇಸಿಗೆಯಲ್ಲಿ ನದಿಯ ಮರಳಿನ ಪಾತ್ರ ದಾಟಿ ನಡೆದೇ ಹೋಗಬಹುದಿತ್ತು. 1892ರಲ್ಲಿ ಕಬ್ಬಿಣದ ಎಲ್ಲಿಸ್ ಬ್ರಿಜ್ ಗಟ್ಟಿಯಾಗಿ ನಿಂತ ಮೇಲೆ ಪಶ್ಚಿಮ ದಂಡೆಯ ದಾರಿ ತೆರೆಯಿತು. ಸರಿಸುಮಾರು ಅದೇ ವರ್ಷಗಳಲ್ಲಿ ಪುರಸಭೆಯ ಅಧ್ಯಕ್ಷ, ಊರಿನ ಮೊದಲ ಹತ್ತಿ ಗಿರಣಿಯ ಸ್ಥಾಪಕ ರಣಛೋಡಲಾಲ್ ಛೋಟಾಲಾಲ್ ಬೈಗುಳ ತಿಂದುಕೊಂಡೇ ದೂಧೇಶ್ವರದಿಂದ ಕೊಳಾಯಿ ನೀರು ತಂದರು. ಜನ ಕರದ ಹೆದರಿಕೆಯಿಂದ, ಮಡಿಯ ಹೆದರಿಕೆಯಿಂದ ವಿರೋಧಿಸಿದ್ದರು. ನಲ್ಲಿ ಬಂದ ಮೇಲೆ ತೋಟವೂ ಬಂತು: 1897ರಲ್ಲಿ ಸೇತುವೆಯ ಪೂರ್ವ ತುದಿಗೆ ವಿಕ್ಟೋರಿಯಾ ಗಾರ್ಡನ್. (1929ರಲ್ಲಿ ಆ ವಿಕ್ಟೋರಿಯಾ ತೋಟದಲ್ಲಿ ಲೋಕಮಾನ್ಯ ತಿಲಕರ ಪ್ರತಿಮೆ ನಿಲ್ಲಿಸಿದರು, ಹಿಂದೆ ನಿಂತವರು ವಲ್ಲಭಭಾಯಿ ಪಟೇಲರು. ರಾಣಿಯ ತೋಟ ಈಗ ತಿಲಕ್ ಬಾಗ್.)

ಗುಜರಾತು ತೋಟಗಳನ್ನು ಹೊಸದಾಗಿ ಕಲಿಯುತ್ತಿದ್ದ ಈ ಕಾಲದಲ್ಲೇ ಬರೋಡಾಕ್ಕೆ ಜರ್ಮನಿಯ ಒಬ್ಬ ತೋಟಗಾರ ಬಂದ. ಹೆಸರು ಗುಸ್ತಾವ್ ಹರ್ಮನ್ ಕ್ರುಂಬಿಗಲ್. ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಹೂಪಾತಿ ಮಾಡಿ, ಕ್ಯೂ ತೋಟದಲ್ಲಿ ಪಳಗಿ, 1893ರಲ್ಲಿ ಸಯಾಜಿರಾವ್ ಗಾಯಕವಾಡರ ಸಂಸ್ಥಾನದ ತೋಟಗಳ ಉಸ್ತುವಾರಿಗೆ ನಿಂತ. 1908ರಲ್ಲಿ ಅದೇ ಮನುಷ್ಯ ಮೈಸೂರಿನ ನೌಕರಿಗೆ ಸೇರಿ ಲಾಲ್‌ಬಾಗಿಗೆ ಬಂದ. ಬೆಂಗಳೂರಿನ ಬೀದಿಗಳಲ್ಲಿ ಒಂದು ಮರ ಹೂ ಬಿಟ್ಟು ಮುಗಿಸುವಾಗ ಇನ್ನೊಂದು ಶುರುಮಾಡುವಂತೆ ನೆಡಿಸಿದವನು ಅವನೇ. ಕನ್ನಡಿಗರು ಅವನನ್ನು ಲಾಲ್‌ಬಾಗಿನ ಹೆಸರಿನೊಂದಿಗೆ ನೆನೆಯುತ್ತಾರೆ, ಅದಕ್ಕೆ ಮುಂಚಿನ ಹದಿನೈದು ವರ್ಷಗಳನ್ನು ಅಷ್ಟಾಗಿ ನೆನೆಯುವುದಿಲ್ಲ. ಆದರೆ ಆ ಹದಿನೈದು ವರ್ಷಗಳ ನಡುವೆ ಛಪ್ಪನಿಯೋ ಬಂದುಹೋಯಿತು.

ವಿಕ್ರಮ ಸಂವತ್ 1956, ಅಂದರೆ 1899–1900. ಛಪ್ಪನ್ ಎಂದರೆ ಐವತ್ತಾರು. ಗುಜರಾತಿನ ಹಳ್ಳಿಗಳಲ್ಲಿ ಆ ಸಂಖ್ಯೆ ಇಂದಿಗೂ ಒಂದು ಅಪಶಕುನದ ಪದ. ಮಳೆಯೇ ಬರಲಿಲ್ಲ. ಗುಜರಾತು ಸಾಮಾನ್ಯವಾಗಿ ಬರಕ್ಕೆ ಹೆದರದ, ಹಾಲು ಬೆಣ್ಣೆಯ ಸೀಮೆ ಎಂದು ಹೆಸರಾಗಿದ್ದುದರಿಂದ ಸರಕಾರವೂ ಜನರೂ ಇಬ್ಬರೂ ಅಣಿಯಾಗಿರಲಿಲ್ಲ. ಮೊದಲು ಹೋದದ್ದು ದನಕರು. ಆಮೇಲೆ ಪರಿಹಾರ ಕಾಮಗಾರಿಗಳಲ್ಲಿ ಕಲ್ಲು ಒಡೆಯುತ್ತಿದ್ದವರ ನಡುವೆ ಕಾಲರಾ ಹರಿದಾಡಿತು. ಅಹಮದಾಬಾದ್ ಜಿಲ್ಲೆಯಲ್ಲಿ 1891ರ ಜನಗಣತಿಯಲ್ಲಿ 9 ಲಕ್ಷ 20 ಸಾವಿರದ ಆಸುಪಾಸಿನಲ್ಲಿದ್ದ ಜನಸಂಖ್ಯೆ 1901ಕ್ಕೆ 8 ಲಕ್ಷದ ಒಳಗೆ ಇಳಿದಿತ್ತು. ಹತ್ತು ವರ್ಷದಲ್ಲಿ ಹುಟ್ಟಿದವರನ್ನೆಲ್ಲ ಸೇರಿಸಿಕೊಂಡ ಮೇಲೂ ಬಿದ್ದ ಖೋತಾ ಇದು. ಬಂಗಾಳದ ರಮೇಶಚಂದ್ರ ದತ್ತರು 1900ರಲ್ಲಿ ಕರ್ಜನ್ ಸಾಹೇಬರಿಗೆ ಬರಗಾಲ ಮತ್ತು ಭೂಕಂದಾಯದ ಬಗ್ಗೆ ಬಹಿರಂಗ ಪತ್ರಗಳನ್ನು ಬರೆದರು. ಕೆಲವು ವರ್ಷಗಳ ಮೇಲೆ ಅದೇ ದತ್ತರು ಬರೋಡಾ ಸಂಸ್ಥಾನದ ಆಡಳಿತಕ್ಕೆ ಬಂದರು.

ಈ ಬರದ ಬೆನ್ನಿಗೆ, 1902ರಲ್ಲಿ, ಜಾರ್ಜ್ ಗ್ಯಾಮಿ ಎಂಬ ಸಸ್ಯಶಾಸ್ತ್ರಜ್ಞ ಒಂದು ಟಿಪ್ಪಣಿ ಪ್ರಕಟಿಸಿದ: ಮುಂಬಯಿ ಪ್ರಾಂತ್ಯದ ಜನ ಬರಗಾಲದಲ್ಲಿ ಯಾವ ಯಾವ ಗಿಡ ತಿನ್ನುತ್ತಾರೆ ಎಂಬುದರ ಪಟ್ಟಿ. ಮುಂಬಯಿ ಪ್ರಾಂತ್ಯವೆಂದರೆ ಆಗ ಅಹಮದಾಬಾದೂ ಹೌದು, ಧಾರವಾಡ, ಬೆಳಗಾವಿ, ಬಿಜಾಪುರಗಳೂ ಹೌದು. ಇಂಥ ಪಟ್ಟಿಯನ್ನು ಓದುವಾಗ ಒಂದು ಸಂಕಟವಾಗುತ್ತದೆ. ವಿಜ್ಞಾನ ಯಾವ ಗಿಡಕ್ಕೆ ಲ್ಯಾಟಿನ್ ಹೆಸರು, ಯಾವ ಭಾಗ ತಿನ್ನಲು ಬರುತ್ತದೆ ಎಂದು ತಣ್ಣಗೆ ಬರೆದುಕೊಂಡು ಹೋಗುತ್ತದೆ. ಬರೆಸಿದವರು ಮಾತ್ರ ಹಸಿದ ಹೆಂಗಸರು. ಯಾವ ಬೇರನ್ನು ಎಷ್ಟು ಸಲ ಕುದಿಸಿ ನೀರು ಚೆಲ್ಲಬೇಕು, ಯಾವ ಬೀಜ ತಲೆ ತಿರುಗಿಸುತ್ತದೆ ಎಂಬುದು ಅವರ ಹೊಟ್ಟೆಯ ಮೇಲೆ ನಡೆದ ಪ್ರಯೋಗ. ಬರಗಾಲದ ಸೊಪ್ಪೆಂದರೆ ಯಾರೂ ಬಿತ್ತದ, ಯಾರೂ ಕಂದಾಯ ಹಾಕದ ಗಿಡ.

ಲೂಣಿ ಅಂಥ ಗಿಡಗಳಲ್ಲೆಲ್ಲ ಸೌಮ್ಯವಾದದ್ದು. ಮಳೆಯೇ ಬಾರದ ವರ್ಷ ಅದೂ ಬಾರದು, ಅದರಲ್ಲಿ ಪವಾಡವೇನಿಲ್ಲ. ಆದರೆ ಒಂದು ಹದ ಬಿದ್ದು ಮುಂದೆ ಕೈಕೊಟ್ಟಾಗ, ಬಿತ್ತಿದ ಸಜ್ಜೆ ಮೊಣಕಾಲೆತ್ತರಕ್ಕೆ ಬಂದು ಒಣಗಿದಾಗ, ಸಾಲುಗಳ ನಡುವೆ ಲೂಣಿ ಇನ್ನೂ ತೇವವಾಗಿರುತ್ತದೆ. ಬೀಜಗಳು ಕರಿಯ ಪುಡಿಯಂತೆ ಸಣ್ಣವು, ಸಾವಿರಾರು, ಮಣ್ಣಿನಲ್ಲಿ ವರ್ಷಗಟ್ಟಲೆ ಕಾಯಬಲ್ಲವು. ಒಳ್ಳೆಯ ಕಾಲದಲ್ಲೂ ಅದನ್ನು ತಿನ್ನುತ್ತಾರೆ ಎಂಬುದೇ ಅದರ ಹೆಚ್ಚುಗಾರಿಕೆ. ಗುಜರಾತಿನಲ್ಲಿ ಲೂಣಿನಿ ಭಾಜಿ, ಧಾರವಾಡದ ಕಡೆ ರೊಟ್ಟಿಯ ಜೊತೆ ಬೇಳೆ ಹಾಕಿದ ಗೋಳಿಪಲ್ಯ, ಮೈಸೂರು ಕಡೆ ಬೆರಕೆಸೊಪ್ಪಿನ ಮಸ್ಸೊಪ್ಪಿನಲ್ಲಿ ಹುಳಿಗೆಂದು ಒಂದು ಹಿಡಿ. 1935ರಲ್ಲಿ ಸಾಬರಮತಿ ಬಿಟ್ಟು ವಾರ್ಧಾದ ಮಗನವಾಡಿಯಲ್ಲಿದ್ದ ಗಾಂಧೀಜಿ ಬೇಯಿಸದ ಹಸಿರು ಎಲೆ ತಿನ್ನುವ ಪ್ರಯೋಗಕ್ಕೆ ಕೈಹಾಕಿ ‘ಹರಿಜನ’ದಲ್ಲಿ ಅದರ ಬಗ್ಗೆ ಬರೆದರು. ಬಡವನಿಗೆ ದುಡ್ಡಿಲ್ಲದೆ ಸಿಗುವ ಎಲೆಯಲ್ಲಿ ಏನಿದೆ ಎಂಬುದು ಅವರ ಪ್ರಶ್ನೆ. ಅವರ ಸೊಪ್ಪಿನ ಒಲವಿನ ಮಾತು ಬಂದಾಗ ಲೂಣಿಯ ಹೆಸರು ಇಂದಿಗೂ ಬರುತ್ತದೆ. ಐವತ್ತು ವರ್ಷ ಕಳೆದ ಮೇಲೆ, 1986ರಲ್ಲಿ, ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಆರ್ಟೆಮಿಸ್ ಸಿಮೊಪೌಲೋಸ್ ಮತ್ತು ನಾರ್ಮನ್ ಸೇಲಂ ಈ ಎಲೆಯಲ್ಲಿ ಒಮೆಗಾ–3 ಕೊಬ್ಬಿನಾಮ್ಲ ಹೇರಳವಾಗಿದೆ ಎಂದು ಬರೆದಾಗ ಪಶ್ಚಿಮದ ತಟ್ಟೆಗಳಿಗೂ ಅದು ಬಂತು. ಆಕ್ಸಲೇಟ್ ಕೂಡ ಹೇರಳವಾಗಿದೆ. ಮೂತ್ರಕೋಶದ ಕಲ್ಲಿನ ತೊಂದರೆ ಇರುವವರು ದೂರ ಇರುವುದು ಒಳ್ಳೆಯದು.

*

ಈಗ ನರ್ಸರಿಯ ಸೋದರಿಯ ವಿಷಯ. ಆಫೀಸ್ ಟೈಮ್ ಹೂವಿನ ತವರು ದಕ್ಷಿಣ ಅಮೆರಿಕ. ಜಾನ್ ಗಿಲ್ಲೀಸ್ ಎಂಬ ಸ್ಕಾಟ್ಲೆಂಡಿನ ವೈದ್ಯ ಆರೋಗ್ಯ ಕೆಟ್ಟು, ಒಣಹವೆ ಹುಡುಕಿಕೊಂಡು ಆಂಡಿಸ್ ಪರ್ವತದ ತಪ್ಪಲಿನ ಮೆಂಡೋಜಾ ಎಂಬ ಊರಿಗೆ ಹೋಗಿ ನೆಲೆಸಿದ್ದ. ಅಲ್ಲಿನ ಮರಳು ಬಯಲುಗಳಲ್ಲಿ ನೆಲವೆಲ್ಲ ನೇರಳೆಗೆಂಪಾಗಿ ಕಾಣುವಷ್ಟು ಈ ಹೂವು ಹಬ್ಬಿದ್ದನ್ನು ನೋಡಿದ. ಅವನು ಕಳಿಸಿದ ಮಾಹಿತಿಯ ಮೇಲೆ ವಿಲಿಯಂ ಹೂಕರ್ 1829ರಲ್ಲಿ ಅದಕ್ಕೆ ಹೆಸರು ಕೊಟ್ಟ. ಗ್ರಾಂಡಿಫ್ಲೋರಾ ಎಂದರೆ ದೊಡ್ಡ ಹೂವಿನದು. ಲೂಣಿಯ ಸಾಸಿವೆಯಂಥ ಹಳದಿ ಹೂವು ನೋಡಿದವರಿಗೆ ಈ ವಿಶೇಷಣದ ಅರ್ಥ ತಾನೇ ತಿಳಿಯುತ್ತದೆ. ಯುರೋಪಿನ ತೋಟಗಾರರು ಕೆಲವೇ ದಶಕಗಳಲ್ಲಿ ಹಳದಿ, ಕಿತ್ತಳೆ, ಬಿಳಿ, ಗುಲಾಬಿ ಬಣ್ಣಗಳಲ್ಲಿ, ಸುತ್ತು ಸುತ್ತು ಎಸಳಿನ ತಳಿಗಳನ್ನು ತೆಗೆದರು. ಮಡಿಲಲ್ಲಿ ಹಿಡಿಯುವಷ್ಟು ಬೀಜ ಸಾವಿರ ಪಾತಿಗಳಿಗೆ ಸಾಕು. ಪೊಟ್ಟಣದಲ್ಲಿ ಎಲ್ಲಿಗೆ ಬೇಕಾದರೂ ಹೋಗುವ ಹೂವು ಲೋಕವೆಲ್ಲ ಹಬ್ಬಿದ್ದರಲ್ಲಿ ಆಶ್ಚರ್ಯವಿಲ್ಲ.

ಅದು ನವರಂಗಪುರಕ್ಕೆ ಹೇಳಿ ಮಾಡಿಸಿದ ಗಿಡ. ಮೆಂಡೋಜಾದಂತೆಯೇ ಇಲ್ಲಿಯೂ ಸಡಿಲವಾದ ಮರಳು ಮಣ್ಣು. ವರ್ಷದ ಸುಮಾರು 800 ಮಿಲಿಮೀಟರ್ ಮಳೆಯಲ್ಲಿ ಹೆಚ್ಚೂ ಕಡಿಮೆ ಎಲ್ಲವೂ ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ಉಳಿದ ಎಂಟು ತಿಂಗಳು ಬಿಸಿಲು. ಆದರೂ ನವರಂಗಪುರ ಬೆಳೆದದ್ದು ಬೇರೆ ಕನಸಿನ ಮೇಲೆ. 1935ರಲ್ಲಿ ಕಸ್ತೂರಭಾಯಿ ಲಾಲಭಾಯಿ, ಗಣೇಶ ಮಾವಳಂಕರ್ ಮುಂತಾದವರು ಅಹಮದಾಬಾದ್ ಎಜುಕೇಶನ್ ಸೊಸೈಟಿ ಕಟ್ಟಿ, ಪಶ್ಚಿಮದ ಬಯಲುಭೂಮಿಯನ್ನು ಕಾಲೇಜುಗಳಿಗೆಂದು ಹಿಡಿದರು. 1947ರಲ್ಲಿ ವಿಕ್ರಮ್ ಸಾರಾಭಾಯಿ ಭೌತವಿಜ್ಞಾನ ಪ್ರಯೋಗಾಲಯ ಶುರುಮಾಡಿದರು. ಅದರ ಕಟ್ಟಡಕ್ಕೆ 1952ರಲ್ಲಿ ಅಡಿಗಲ್ಲು ಇಟ್ಟವರು ಬೆಂಗಳೂರಿನಿಂದ ಬಂದ ಸಿ. ವಿ. ರಾಮನ್, 1954ರಲ್ಲಿ ಉದ್ಘಾಟಿಸಿದವರು ನೆಹರೂ. ಉಡುಪಿ ಸೀಮೆಯ ಅದಮಾರಿನ ಯು. ಆರ್. ರಾವ್ ಇದೇ ಪ್ರಯೋಗಾಲಯದಲ್ಲಿ ಸಾರಾಭಾಯಿಯವರ ಕೈಕೆಳಗೆ ಸಂಶೋಧನೆ ಮಾಡಿ, ಮುಂದೆ ಇಲ್ಲಿಂದಲೇ ಹೊರಟು ಬೆಂಗಳೂರಿನಲ್ಲಿ ಆರ್ಯಭಟ ಉಪಗ್ರಹ ಕಟ್ಟಿದರು. 1949ರಲ್ಲಿ ಗುಜರಾತ್ ವಿಶ್ವವಿದ್ಯಾಲಯ, 1962ರಲ್ಲಿ ಬಾಲಕೃಷ್ಣ ದೋಶಿಯವರ ವಾಸ್ತುಶಿಲ್ಪ ಶಾಲೆ, ಆಮೇಲೆ ಚಾರ್ಲ್ಸ್ ಕೊರಿಯಾ ವಿನ್ಯಾಸದ ಕ್ರೀಡಾಂಗಣ. ಭಾರತದ ನೆಲದ ಮೊದಲ ಒಂದು ದಿನದ ಅಂತರರಾಷ್ಟ್ರೀಯ ಕ್ರಿಕೆಟ್ ಪಂದ್ಯ 1981ರಲ್ಲಿ ನಡೆದದ್ದು ಆ ಹುಲ್ಲಿನ ಮೇಲೆ.

ಹುಲ್ಲು ಎಂಬುದೇ ಇಲ್ಲಿಯ ಮುಖ್ಯ ಪದ. ಸಂಸ್ಥೆಯೆಂದರೆ ಮುಂದೊಂದು ಹುಲ್ಲುಹಾಸು ಇರಲೇಬೇಕು, ಬಂಗಲೆಯೆಂದರೂ ಹಾಗೆಯೇ. ಫ್ರಾನ್ಸಿನಿಂದ ಬಂದ ಲ ಕಾರ್ಬೂಸಿಯೇ ಹುಲ್ಲನ್ನು ನೆಲದಲ್ಲಿ ಮಾತ್ರವಲ್ಲ, ಮಾಳಿಗೆಯ ಮೇಲೂ ಹಾಸಿದ. ಆಶ್ರಮ ರಸ್ತೆಯಲ್ಲಿ 1954ರ ಅವನ ಗಿರಣಿ ಮಾಲೀಕರ ಸಂಘದ ಕಟ್ಟಡ ಇದೆ. ಶಾಹಿಬಾಗಿನಲ್ಲಿ ಮನೋರಮಾ ಸಾರಾಭಾಯಿಯವರಿಗೆ ಅವನು ಕಟ್ಟಿದ ಮನೆಯಲ್ಲಿ ಕಮಾನು ಛಾವಣಿಗಳ ಮೇಲೆ ಮಣ್ಣು ಹರಡಿ ಹುಲ್ಲು ಬೆಳೆಸಿದ್ದಾರೆ, ಒಳಗೆ ತಂಪಿರಲಿ ಎಂದು. ಛಾವಣಿಯಿಂದ ನೇರ ಈಜುಕೊಳಕ್ಕೆ ಜಾರುವ ಒಂದು ಜಾರುಬಂಡೆಯೂ ಇದೆ. ಚಂದದ ಮನೆ, ತಂಪೂ ಹೌದು. ಆದರೆ ಏಪ್ರಿಲ್ ತಿಂಗಳಲ್ಲಿ ಛಾವಣಿಯ ಹುಲ್ಲಿಗೆ ನೀರೆರೆಯಲು ಸಾರಾಭಾಯಿಗಳಾಗಿರಬೇಕು.

ಅಷ್ಟು ನೀರು ಊರಿನಲ್ಲಿ ಇರಲಿಲ್ಲ. ಕೊಳವೆಬಾವಿಗಳು ವರ್ಷದಿಂದ ವರ್ಷಕ್ಕೆ ಆಳಕ್ಕೆ ಇಳಿದವು. ಮೇಲಿನ ಧರೋಯ್ ಅಣೆಕಟ್ಟು ಕಟ್ಟಿದ ಮೇಲೆ ಊರ ನದಿ ಇನ್ನೂ ಒಣಗಿತು. 1985ರಿಂದ 87ರವರೆಗಿನ ಬರದಲ್ಲಿ ರಾಜಕೋಟಿಗೆ ರೈಲಿನಲ್ಲಿ ನೀರು ಹೋಯಿತು. 1999–2000ದ ಬರದಲ್ಲಿ ಅಹಮದಾಬಾದಿಗೆ ಮಹೀ ನದಿಯ ನೀರನ್ನು ರಸ್ಕಾ ಎಂಬಲ್ಲಿಂದ ತುರ್ತಾಗಿ ಕೊಳವೆ ಎಳೆದು ತಂದರು. ಈಗ ಊರ ನಡುವೆ ದಂಡೆಯಿಂದ ದಂಡೆಗೆ ತುಂಬಿ ನಿಂತಿರುವ ಸಾಬರಮತಿಯ ನೀರು ಸಾಬರಮತಿಯದಲ್ಲ, ಕಾಲುವೆಯಲ್ಲಿ ಬಂದ ನರ್ಮದೆಯದು. 2012ರಲ್ಲಿ ತೆರೆದ ನದೀತೀರದ ನಡೆದಾರಿಯ ಬದಿಯಲ್ಲಿ ತೋಟಗಳಿವೆ, ಹುಲ್ಲುಹಾಸುಗಳಿವೆ. ನೂರಾರು ಕಿಲೋಮೀಟರು ದೂರದ ಕಣಿವೆಗಳಲ್ಲಿ ಊರುಗಳು ಮುಳುಗಿದ್ದು ಕುಡಿಯುವ ನೀರಿಗೆ, ಹೊಲಗಳಿಗೆ ಎಂದು ಹೇಳಲಾಗಿತ್ತು. ಖೈರುನ್ನಿಸಾ ಬೇಗಮ್ಮಳ ಕಾಗದದ ಎಲೆಗೆ ಖರ್ಚು ಇದಕ್ಕಿಂತ ಕಡಿಮೆ.

ಬಿಸಿಲಿನ ಲೆಕ್ಕ ಇನ್ನೂ ಕಠೋರ. 2010ರ ಮೇ ತಿಂಗಳಲ್ಲಿ ಅಹಮದಾಬಾದಿನಲ್ಲಿ ಉಷ್ಣಾಂಶ 46.8 ಡಿಗ್ರಿಗೆ ಏರಿತು. ಆ ಒಂದು ತಿಂಗಳಲ್ಲಿ ವಾಡಿಕೆಗಿಂತ 1,344 ಮಂದಿ ಹೆಚ್ಚು ಸತ್ತರು ಎಂದು ಆಮೇಲೆ ಲೆಕ್ಕ ಹಾಕಿದವರು ಕಂಡುಕೊಂಡರು. 2013ರಲ್ಲಿ ಊರು ಬಿಸಿಗಾಳಿಗೆಂದೇ ಒಂದು ಕಾರ್ಯಯೋಜನೆ ಮಾಡಿತು. ಆಗ ದೇಶದಲ್ಲಿ ಅಂಥದ್ದು ಮತ್ತೊಂದಿರಲಿಲ್ಲ. 2016ರ ಮೇ 20ರಂದು 48 ಡಿಗ್ರಿ ಮುಟ್ಟಿತು. ಬಡವರ ತಗಡಿನ ಮಾಡುಗಳಿಗೆ ಬಿಳಿ ಸುಣ್ಣ ಬಳಿಯುವ ಕೆಲಸ ಶುರುವಾಯಿತು. ಬರಿ ಸಿಮೆಂಟು, ಬರಿ ಧೂಳಿನ ನೆಲ ಹಗಲು ಕಾದು ರಾತ್ರಿಯೆಲ್ಲ ಉಗುಳುವ ಶಾಖ ಈ ಊರಿನಲ್ಲಿ ಜೀವದ ಪ್ರಶ್ನೆ. ನೆಲಕ್ಕೆ ಏನು ಹೊದಿಸಬೇಕು ಎಂಬುದು ಅಲಂಕಾರದ ವಿಷಯವಾಗಿ ಉಳಿದಿಲ್ಲ.

*

ಲೂಣಿ ಮತ್ತು ಅದರ ಸೋದರಿ ಈ ಬಿಸಿಲಿನಲ್ಲಿ ಬದುಕುವ ರೀತಿಯನ್ನು ವಿಜ್ಞಾನಿಗಳು ಬಿಡಿಸಿ ನೋಡಿದ್ದು ತೀರ ಈಚೆಗೆ. ಗಿಡ ಅನ್ನ ಬೇಯಿಸಬೇಕಾದರೆ ಎಲೆಯ ಸಣ್ಣ ರಂಧ್ರಗಳನ್ನು ತೆರೆದು ಇಂಗಾಲದ ಡೈಆಕ್ಸೈಡ್ ಒಳಗೆ ತೆಗೆದುಕೊಳ್ಳಬೇಕು. ತೆರೆದರೆ ಒಳಗಿನ ನೀರು ಆವಿಯಾಗಿ ಹೋಗುತ್ತದೆ. ಜೋಳ, ಕಬ್ಬುಗಳು ಇದಕ್ಕೆ ಒಂದು ಉಪಾಯ ಕಂಡುಕೊಂಡಿವೆ: ರಂಧ್ರ ಸ್ವಲ್ಪವೇ ತೆರೆದರೂ ಸಿಕ್ಕ ಅನಿಲವನ್ನು ಬಿಗಿಯಾಗಿ ಹಿಡಿದು ಒಳಗಿನ ಕೋಣೆಗೆ ದಾಟಿಸುತ್ತವೆ. ಪಾಪಾಸುಕಳ್ಳಿಯದು ಇನ್ನೊಂದು ಉಪಾಯ: ಹಗಲು ಬಾಗಿಲು ಮುಚ್ಚಿ, ರಾತ್ರಿ ತೆರೆದು ಅನಿಲವನ್ನು ಆಮ್ಲವಾಗಿ ಕೂಡಿಟ್ಟು, ಮರುದಿನ ಬಿಸಿಲಿನಲ್ಲಿ ಅದನ್ನೇ ಬಳಸುವುದು. ಸಾಮಾನ್ಯವಾಗಿ ಒಂದು ಗಿಡಕ್ಕೆ ಒಂದೇ ಉಪಾಯ. ಲೂಣಿ ನೀರಿದ್ದಾಗ ಜೋಳದಂತೆ ವೇಗವಾಗಿ ಬೆಳೆಯುತ್ತದೆ. ನೀರು ಕೈಕೊಟ್ಟಾಗ ಅದರ ಜೊತೆಗೆ ಕಳ್ಳಿಯ ಉಪಾಯವನ್ನೂ ಹೂಡುತ್ತದೆ. ಎರಡೂ ಒಂದೇ ಜೀವಕೋಶಗಳಲ್ಲಿ ಕೂಡಿಕೊಂಡು ನಡೆಯುತ್ತವೆ ಎಂದು ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ತಂಡ 2022ರಲ್ಲಿ ತೋರಿಸಿತು. ಬರ ತಾಳುವ ಜೋಳವನ್ನು ರೂಪಿಸಲು ಇದು ದಾರಿಯಾದೀತೇ ಎಂಬ ಆಸೆ ಅದರ ಹಿಂದಿದೆ.

ಹೊಲದ ಹೆಂಗಸರು ಇದನ್ನು ನಾಲಿಗೆಯಿಂದ ಅಳೆಯಬಲ್ಲರು. ಒಣಗಾಲದಲ್ಲಿ ಬೆಳಿಗ್ಗೆ ಕೊಯ್ದ ಲೂಣಿ ಹುಳಿ ಹೆಚ್ಚು, ಸಂಜೆ ಕೊಯ್ದದ್ದು ಸಪ್ಪೆ. ರಾತ್ರಿ ಕೂಡಿಟ್ಟ ಆಮ್ಲ ಹಗಲು ಖರ್ಚಾಗಿರುತ್ತದೆ.

ಬೆಳೆಸುವುದರಲ್ಲಿ ಕಲಿಯಬೇಕಾದದ್ದು ಏನನ್ನು ಮಾಡಬಾರದು ಎಂಬುದನ್ನು. ಆಫೀಸ್ ಟೈಮಿನ ಬೆರಳುದ್ದದ ತುಂಡು ಮುರಿದು ಮರಳು ಬೆರೆಸಿದ ಮಣ್ಣಿಗೆ ಚುಚ್ಚಿದರೆ ಒಂದು ವಾರದಲ್ಲಿ ಬೇರು. ಗೇಣಿಗೊಂದು ತುಂಡು ನೆಟ್ಟರೆ ಒಂದೆರಡು ತಿಂಗಳಲ್ಲಿ ನೆಲ ಮುಚ್ಚುತ್ತದೆ. ಗೊಬ್ಬರ ಸುರಿದರೆ ಎಲೆ ಬೆಳೆದು ಹೂವು ಮರೆಯುತ್ತದೆ. ನೆರಳಿನಲ್ಲಿಟ್ಟರೆ ಉದ್ದುದ್ದ ಬೆಳೆದು ಬೋಳಾಗುತ್ತದೆ. ದಿನಾ ನೀರೆರೆದರೆ ಕೊಳೆಯುತ್ತದೆ. ಈ ಗಿಡವನ್ನು ಕೊಂದವರಲ್ಲಿ ಬಹುಪಾಲು ಜನ ಕೊಂದದ್ದು ಪ್ರೀತಿಯಿಂದ. ಮಳೆಗಾಲದಲ್ಲಿ ಅಹಮದಾಬಾದಿನ ಕುಂಡಗಳಲ್ಲಿ ಅದು ಸೊರಗುವುದೂ ಇದರಿಂದಲೇ, ಅದಕ್ಕೇ ತಿಳಿದವರು ಜೂನ್ ಕೊನೆಗೆ ನಾಲ್ಕು ತುಂಡು ಮುರಿದು ಕಿಟಕಿಯ ಚಜ್ಜೆಯ ಕೆಳಗಿಟ್ಟುಕೊಂಡಿರುತ್ತಾರೆ. ಇದರ ಮೇಲೆ ಓಡಾಡಲು ಆಗದು ಎಂಬುದು ನಿಜವಾದ ಕೊರತೆ. ಮಕ್ಕಳು ಚೆಂಡಾಡುವ ಜಾಗಕ್ಕೆ ಗರಿಕೆಯೇ ಸರಿ. ಆದರೆ ನವರಂಗಪುರದ ಹುಲ್ಲುಹಾಸುಗಳಲ್ಲಿ ಎಷ್ಟರ ಮೇಲೆ ಮಕ್ಕಳನ್ನು ಬಿಡುತ್ತಾರೆ ಎಂದು ‘ಹುಲ್ಲಿನ ಮೇಲೆ ನಡೆಯಬೇಡಿ’ ಎಂಬ ಫಲಕಗಳನ್ನು ಎಣಿಸಿದರೆ ತಿಳಿಯುತ್ತದೆ.

ಗಡಿಯಾರದ ವಿಷಯದಲ್ಲಿ ಒಂದು ಸಣ್ಣ ಮಾತು. ಹೂವು ನೋಡುವುದು ಬಿಸಿಲನ್ನು, ಕೈಗಡಿಯಾರವನ್ನಲ್ಲ. ಅಹಮದಾಬಾದು ಬೆಂಗಳೂರಿಗಿಂತ ಐದು ಡಿಗ್ರಿ ಪಶ್ಚಿಮಕ್ಕಿರುವುದರಿಂದ ಅಲ್ಲಿ ಸೂರ್ಯ ನೆತ್ತಿಗೆ ಬರುವುದು ಇಪ್ಪತ್ತು ನಿಮಿಷ ತಡ. ಬೆಂಗಳೂರಿನಿಂದ ವರ್ಗವಾಗಿ ಹೋದವರು ಹೂವು ಸೋಮಾರಿಯಾಯಿತೆಂದು ದೂರಬೇಕಿಲ್ಲ. ಮೋಡ ಕವಿದ ದಿನವಂತೂ ಅದು ರಜೆ ಹಾಕುತ್ತದೆ.

ಮುರಿದರೆ ಮತ್ತೆ ಚಿಗುರುವ ಈ ಗುಣವನ್ನು ಗುಜರಾತಿನಲ್ಲಿ ಬಹಳ ಹಿಂದೆಯೇ ಗಂಭೀರವಾಗಿ ಯೋಚಿಸಿದವರು ಜೈನರು. ಒಂದೇ ದೇಹದಲ್ಲಿ ಅನಂತ ಜೀವಗಳಿರುವ ಸಸ್ಯಗಳಿಗೆ ಅವರು ಅನಂತಕಾಯ ಎನ್ನುತ್ತಾರೆ. ಅವನ್ನು ಶ್ರಾವಕರು ತಿನ್ನುವುದಿಲ್ಲ. ಆಲೂಗಡ್ಡೆ, ಈರುಳ್ಳಿಯಂಥ ಗಡ್ಡೆಗಳು ಎಲ್ಲರಿಗೂ ಗೊತ್ತು. ಆದರೆ ಆ ಪಟ್ಟಿಯಲ್ಲಿ ಥೋರ್ ಇದೆ, ಕುಂವಾರ್ ಅಂದರೆ ಲೋಳೆಸರ ಇದೆ, ಗಳೋ ಅಂದರೆ ಅಮೃತಬಳ್ಳಿ ಇದೆ. ಶಾಂತಿಸೂರಿಯ ‘ಜೀವವಿಚಾರ’ ಅಂಥ ಸಸ್ಯಗಳನ್ನು ಗುರುತಿಸುವ ಲಕ್ಷಣಗಳಲ್ಲಿ ಒಂದಾಗಿ, ಕತ್ತರಿಸಿ ನೆಟ್ಟರೆ ಮತ್ತೆ ಬೆಳೆಯುವುದನ್ನು ಹೇಳುತ್ತದೆ. ತೋಟಗಾರ ಯಾವ ಕಾರಣಕ್ಕೆ ಈ ಗಿಡಗಳನ್ನು ಸುಲಭ ಎನ್ನುತ್ತಾನೋ ಅದೇ ಕಾರಣಕ್ಕೆ ಜೈನ ಮುನಿ ಅವುಗಳ ಮುಂದೆ ಕೈ ತಡೆಯುತ್ತಾನೆ. ಜಹಾಂಗೀರ ನರಕ ಕಂಡ ಕಳ್ಳಿಯಲ್ಲಿ ಅದೇ ಊರಿನ ಇನ್ನೊಬ್ಬರು ಎಣಿಸಲಾಗದಷ್ಟು ಜೀವ ಕಂಡಿದ್ದರು.

ಉಪ್ಪಿನ ವಿಷಯ ಬಾದಶಹ ಹೇಳಿದ್ದು ಸುಳ್ಳಲ್ಲ. ಕೊಳವೆಬಾವಿಯ ನೀರು ಹಲವು ಕಡೆ ಇಂದಿಗೂ ಸವಳು. ಖಂಭಾತ ಕೊಲ್ಲಿಯ ಕಡೆಗೆ ಹೋದಂತೆ ನೆಲವೇ ಬಿಳಿಯಾಗುತ್ತದೆ. ಭಾವನಗರದಲ್ಲಿ 1954ರಿಂದ ಇರುವ ಉಪ್ಪು ಮತ್ತು ಸಾಗರ ರಾಸಾಯನಿಕಗಳ ಸಂಶೋಧನಾ ಸಂಸ್ಥೆ ಸ್ಯಾಲಿಕಾರ್ನಿಯಾ ಎಂಬ ರಸಭರಿತ ಕಡಲಂಚಿನ ಗಿಡವನ್ನು ಸಮುದ್ರದ ನೀರಿನಲ್ಲೇ ಬೆಳೆಸಿ ಎಣ್ಣೆ ಮತ್ತು ಉಪ್ಪು ತೆಗೆಯುವ ಕೆಲಸ ಮಾಡಿದೆ. ಅದೇ ಕರಾವಳಿಯ ಕೆಸರಿನಲ್ಲಿ ಹಬ್ಬುವ ಸೆಸುವಿಯಂ ಲೂಣಿಯ ದೂರದ ನೆಂಟ. ಸವಳು ನೀರೆರೆದರೂ ಹಸಿರಾಗಿರುತ್ತದೆ. ನರ್ಸರಿಗಳಲ್ಲಿ ಇವಕ್ಕೆ ಬೇಡಿಕೆ ಇಲ್ಲ. ಬೇಡಿಕೆ ಇರುವುದು ಅಗಲ ಎಲೆಯ ಹೊಸ ಪೋರ್ಚುಲಾಕಾಗಳಿಗೆ. ಅವುಗಳಲ್ಲಿ ಉಂಬ್ರಾಟಿಕೋಲಾ ಎಂಬ ಇನ್ನೊಂದು ಅಮೆರಿಕನ್ ಜಾತಿಯ ರಕ್ತವಿದೆ. ಎಲೆ ನೋಡಿದರೆ ಥೇಟು ಲೂಣಿಯೇ. ಬೇಲಿಯಾಚೆ ಕಿತ್ತೆಸೆದ ಗಿಡದ ಎಲೆಯನ್ನೇ ಬೇಲಿಯೊಳಗೆ ಹೂವಿಗಾಗಿ ನೆಡುವ ಈ ವಿಚಿತ್ರ ತೋಟದ ಕೆಲಸದವರಿಗೆ ಮಾತ್ರ ಕಾಣುತ್ತದೆ. ಅವರಲ್ಲಿ ಬಹಳಷ್ಟು ಜನ ಪಂಚಮಹಾಲ, ದಾಹೋದ ಕಡೆಯ ಒಣಸೀಮೆಯ ಹಳ್ಳಿಗಳಿಂದ ಕೂಲಿಗೆ ಬಂದವರು, ಛಪ್ಪನಿಯೋ ತನ್ನ ಅತಿ ಕ್ರೂರ ಮುಖ ತೋರಿಸಿದ ಸೀಮೆಯವರು.

ಜುಲೈ ತಿಂಗಳ ಒಂದು ಬೆಳಿಗ್ಗೆ ಪಾತಿ ಕಳೆ ತೆಗೆಯುವಾಗ ಅವರು ಲೂಣಿಯನ್ನು ಬೇರು ಸಮೇತ ಕಿತ್ತು ಎರಡು ರಾಶಿ ಮಾಡುತ್ತಾರೆ. ಎಳೆಯದು ಸೆರಗಿನ ಗಂಟಿಗೆ, ರಾತ್ರಿಯ ರೊಟ್ಟಿಗೆ. ಬಲಿತದ್ದು ಗೇಟಿನ ಬಳಿಯ ಕಸದ ಗುಡ್ಡೆಗೆ. ಕಿತ್ತ ಲೂಣಿ ತಕ್ಷಣ ಒಣಗುವುದಿಲ್ಲ. ಎಲೆಯಲ್ಲಿ ಉಳಿದ ನೀರಿನ ಮೇಲೆ ಇನ್ನೂ ಕೆಲವು ದಿನ ಬದುಕಿರುತ್ತದೆ, ಅಷ್ಟರಲ್ಲಿ ಕಾಯಿ ಬಲಿಸಿ, ಟೋಪಿಯಂಥ ಮುಚ್ಚಳ ಕಳಚಿ ಕರಿಯ ಬೀಜ ಉದುರಿಸುತ್ತದೆ. ಮುಂದಿನ ಮಳೆಗೆ ಗೇಟಿನ ಎರಡೂ ಬದಿಯಲ್ಲಿ ಅದೇ ಹುಟ್ಟುತ್ತದೆ.